ಆಳದ ಆಸೆ ಬಿಡಿ: ಸಾರ್ಡೀನಿಯಾದ ಗ್ರಾನೈಟ್ ಬಂಡೆ, ಕಡಲ ಹುಲ್ಲಿನ ನಡುವೆ ಸ್ಕೂಬಾ ಡೈವಿಂಗ್

ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಕಲಿತ ನಮ್ಮವರಿಗೆ ಒಂದು ಅಭ್ಯಾಸ ಇರುತ್ತದೆ. ದೋಣಿ ಹತ್ತಿದ ಕೂಡಲೇ "ಇವತ್ತು ಎಷ್ಟು ಆಳ?" ಅಂತ ಕೇಳುವುದು. ನಾನೂ ಕೇಳುತ್ತಿದ್ದೆ. ಸಾರ್ಡೀನಿಯಾದ ಉತ್ತರ ತುದಿಯಲ್ಲಿ ಕೇಳಿದಾಗ ಗೈಡ್ ನಕ್ಕು, ಅಂಗೈಯನ್ನು ಮೆಲ್ಲಗೆ ಕೆಳಗೆ ಒತ್ತಿ "ಪಿಯಾನೋ, ಪಿಯಾನೋ" ಅಂದ. ನಿಧಾನ, ನಿಧಾನ ಅಂತ ಅರ್ಥ. ಆ ವಾರದಲ್ಲಿ ನೋಡಿದ್ದರಲ್ಲಿ ಈಗಲೂ ಕಣ್ಣಿಗೆ ಕಟ್ಟಿರುವುದೆಲ್ಲ 6ರಿಂದ 16 ಮೀಟರ್ ಒಳಗಿನದೇ. ಗ್ರಾನೈಟ್ ಬಂಡೆ ಮುಗಿದು ಹುಲ್ಲು ಶುರುವಾಗುವ ಅಂಚಿನದು. ಆ ಅಂಚಿನಲ್ಲಿ ಮುಕ್ಕಾಲು ಗಂಟೆ ಚೆನ್ನಾಗಿ ಕಳೆಯುವುದು ಹೇಗೆ ಅನ್ನುವುದಷ್ಟೇ ಈ ಬರಹ.

ಇದು ಈಗಾಗಲೇ ಓಪನ್ ವಾಟರ್ ಎಂಬ ಮೊದಲ ಹಂತದ ಸ್ಕೂಬಾ ಕೋರ್ಸ್ ಮುಗಿಸಿದವರಿಗೆ. ಡೈವಿಂಗ್ ಓದಿ ಕಲಿಯುವ ವಿದ್ಯೆಯಲ್ಲ. ಕೋರ್ಸ್ ಮಾಡದಿದ್ದರೆ ಮೊದಲು ಅದನ್ನು ಮಾಡಿ.

## ಮೊದಲು ಜಾಗದ ಪರಿಚಯ

ಸಾರ್ಡೀನಿಯಾ ಇಟಲಿಯ ದ್ವೀಪ. ಅದರ ನೆತ್ತಿಯ ಮೇಲೆ ಫ್ರಾನ್ಸಿಗೆ ಸೇರಿದ ಕಾರ್ಸಿಕಾ. ಎರಡರ ನಡುವೆ ಬೊನಿಫಾಚೋ ಜಲಸಂಧಿ, ಅತಿ ಕಿರಿದಾದ ಕಡೆ 11 ಕಿಲೋಮೀಟರ್ ಆಸುಪಾಸು ಅಷ್ಟೇ. ಈ ಕಡೆ ಸಾಂತಾ ತೆರೇಸಾ ಗಲ್ಲೂರಾ ಎಂಬ ಪುಟ್ಟ ಊರು, ಅದರ ಪಕ್ಕ ಕಾಪೋ ತೆಸ್ತಾ ಎಂಬ ಭೂಶಿರ, ಪೂರ್ವಕ್ಕೆ ಲಾ ಮದ್ದಲೇನಾ ದ್ವೀಪಗಳು. ಆ ಕಡೆ ನೀರಿನ ಮಧ್ಯೆ ಲವೆಜ್ಜಿ ದ್ವೀಪಗಳು, ಅವು ಫ್ರಾನ್ಸಿನವು. ಲಾ ಮದ್ದಲೇನಾ 1994ರಿಂದ ರಾಷ್ಟ್ರೀಯ ಉದ್ಯಾನ. ಲವೆಜ್ಜಿ ಇರುವ ಕಾರ್ಸಿಕಾ ಕಡೆಯ ನೀರು 1999ರಿಂದ ಸಂರಕ್ಷಿತ ಪ್ರದೇಶ.

ಕನ್ನಡಿಗರಿಗೆ ಇಲ್ಲಿಯ ಬಂಡೆಗಳನ್ನು ನೋಡಿದರೆ ಬೇರೆ ದೇಶ ಅನ್ನಿಸುವುದೇ ಇಲ್ಲ. ಒಂದರ ಮೇಲೊಂದು ಇಟ್ಟ ಹಾಗಿರುವ ದುಂಡು ಗುಂಡುಗಳು. ಹಂಪಿಯೇ ಸರಿ. ಬಂಡೆಗಳು ಉರುಟಾಗುವ ಬಗೆಯೂ ಎರಡೂ ಕಡೆ ಒಂದೇ. ಗ್ರಾನೈಟಿನ ಬಿರುಕುಗಳಿಗೆ ನೀರು ಇಳಿದು, ಮೂಲೆಗಳು ಮೊದಲು ಸವೆದು, ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಡುತ್ತವೆ. ವಯಸ್ಸು ಮಾತ್ರ ಬೇರೆ. ಹಂಪಿಯದು ಸುಮಾರು 250 ಕೋಟಿ ವರ್ಷದ ಕಲ್ಲು, ಇದು ಸುಮಾರು 30 ಕೋಟಿ ವರ್ಷದ್ದು. ನಮ್ಮ ಬಂಡೆಯ ಮುಂದೆ ಇದು ಮಗು.

ಇಪ್ಪತ್ತು ಸಾವಿರ ವರ್ಷದ ಹಿಂದೆ, ಹಿಮಯುಗದಲ್ಲಿ, ಕಡಲಿನ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಈ ಜಲಸಂಧಿ ಒಣ ನೆಲ. ಇವತ್ತು ನೀವು ಈಜುವ ಬಂಡೆಗಳ ಸಂದಿಯಲ್ಲಿ ಆಗ ಗಾಳಿ ಬೀಸುತ್ತಿತ್ತು. ಆಮೇಲೆ ನೀರು ಏರಿತು. ದಡದ ಮೇಲೆ ಕಾಣುವ ಬಂಡೆಗಳ ರಾಶಿಯೇ ನೀರಿನೊಳಗೂ ಮುಂದುವರಿಯುವುದು ಇದಕ್ಕೇ. ಹಾಗಾಗಿ ಮೇಲಿನ ಬಂಡೆಗಳನ್ನು ಸರಿಯಾಗಿ ನೋಡಿಕೊಂಡರೆ ಕೆಳಗಿನ ನಕ್ಷೆ ಅರ್ಧ ಗೊತ್ತಾದಂತೆ.

## ಹಂತ 1: ತಿಂಗಳು ಆರಿಸಿ

ಸೆಪ್ಟೆಂಬರ್. ನನ್ನನ್ನು ಕೇಳಿದರೆ ಬೇರೆ ಮಾತಿಲ್ಲ.

ಕಾರಣ ಹೇಳುತ್ತೇನೆ. ಚಳಿಗಾಲದಲ್ಲಿ ಇಲ್ಲಿಯ ನೀರು 13–14 ಡಿಗ್ರಿಗೆ ಇಳಿಯುತ್ತದೆ. ಮೇ ಕೊನೆಗೆ 18 ಆಗಬಹುದು. ಜುಲೈ, ಆಗಸ್ಟಿನಲ್ಲಿ ಮೇಲೆ 24–25 ಡಿಗ್ರಿ ಇದ್ದರೂ, ಸ್ವಲ್ಪ ಕೆಳಗೆ ಹೋದರೆ ಥರ್ಮೋಕ್ಲೈನ್ ಎಂಬ ಗಡಿ ಸಿಗುತ್ತದೆ. ಅದರ ಕೆಳಗೆ ಕೈ ಹಾಕಿದರೆ ಫ್ರಿಜ್ಜಿಗೆ ಕೈ ಹಾಕಿದ ಹಾಗೆ. ಸೆಪ್ಟೆಂಬರ್ ಹೊತ್ತಿಗೆ ಬೇಸಿಗೆಯ ಬಿಸಿ ಕೆಳಗಿನವರೆಗೂ ಇಳಿದಿರುತ್ತದೆ. ಯುರೋಪಿನ ರಜೆಯ ಜನವೂ ಮನೆಗೆ ಹೋಗಿರುತ್ತಾರೆ. ಆಗಸ್ಟಿನಲ್ಲಿ ಇಲ್ಲಿ ದೋಣಿಗಳ ಸಂಚಾರ ನೋಡಿದರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ.

## ಹಂತ 2: ಕಾಗದ ಪತ್ರ

ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ 15 ದಿನದವರೆಗೆ ಕಾಯಬೇಡಿ. ವೀಸಾಗೆ ಬೇಕಾದ 30,000 ಯೂರೋ ವಿಮೆ ಇದ್ದರೂ ಅದರಲ್ಲಿ ಡೈವಿಂಗ್ ಸೇರಿದೆ ಅಂದುಕೊಳ್ಳಬೇಡಿ. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಯನ್ನು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತಾರೆ. ಡೈವರ್‌ಗಳಿಗೆಂದೇ ಇರುವ ವಿಮೆ ಪ್ರತ್ಯೇಕ ಮಾಡಿಸಿ. ಸರ್ಟಿಫಿಕೇಟ್ ಕಾರ್ಡ್, ಲಾಗ್‌ಬುಕ್, ವೈದ್ಯರ ಫಿಟ್‌ನೆಸ್ ಪತ್ರ ಈ ಮೂರು ಕೈಯಲ್ಲಿರಲಿ. ಕೊನೆಯ ಡೈವ್ ಆಗಿ ಆರು ತಿಂಗಳು ದಾಟಿದ್ದರೆ ಮೊದಲ ದಿನ ಚೆಕ್ ಡೈವ್ ಮಾಡಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅದು ನಿಮಗೇ ಒಳ್ಳೆಯದು.

ವಿಮಾನ ಒಲ್ಬಿಯಾಗೆ. ಅಲ್ಲಿಂದ ಸಾಂತಾ ತೆರೇಸಾ ಸುಮಾರು 60 ಕಿಲೋಮೀಟರ್. ಲಾ ಮದ್ದಲೇನಾಗೆ ಫೆರಿ ಹಿಡಿಯುವ ಊರಿನ ಹೆಸರು ಪಲಾವ್. ಬೋರ್ಡ್ ಓದಿ ಹಸಿವಾದರೆ ತಪ್ಪು ನಿಮ್ಮದಲ್ಲ.

## ಹಂತ 3: ಹೊರಡುವ ಮೊದಲು ಊರಲ್ಲೇ ಮಾಡುವ ಅಭ್ಯಾಸ

ಈ ಹಂತ ಬಿಟ್ಟವರು ಅಲ್ಲಿ ಹುಲ್ಲು ಕೀಳುತ್ತಾರೆ. ಅಕ್ಷರಶಃ.

ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಕಾಲನ್ನು ಮೇಲೆ ಕೆಳಗೆ ಬಡಿಯುವ ಈಜು. ಆ ಬಡಿತದ ನೀರು ನೇರ ಕೆಳಗೆ ಹೋಗುತ್ತದೆ. ಕೆಳಗೆ ಮರಳಿದ್ದರೆ ಮೋಡ ಏಳುತ್ತದೆ, ಹುಲ್ಲಿದ್ದರೆ ಎಲೆ ಹರಿಯುತ್ತದೆ. ಇಲ್ಲಿ ಬೇಕಾದದ್ದು ಫ್ರಾಗ್ ಕಿಕ್, ಕಪ್ಪೆಯ ಹಾಗೆ. ಮೊಣಕಾಲು ಮಡಚಿ, ಪಾದ ಹೊರಕ್ಕೆ ತಿರುಗಿಸಿ, ಎರಡೂ ಫಿನ್‌ಗಳನ್ನು ಹಿಂದಕ್ಕೆ ಒತ್ತಿ ಸೇರಿಸುವುದು. ಒತ್ತಿದ ಮೇಲೆ ಸುಮ್ನೆ ಜಾರಿ ಹೋಗುವುದು. ಈಜುಕೊಳದಲ್ಲಿ ನಾಲ್ಕು ದಿನ ಮಾಡಿದರೆ ಬರುತ್ತದೆ.

ಇನ್ನೊಂದು, ಮಲಗಿದ ಭಂಗಿ. ಹೆಚ್ಚಿನವರು ನೀರಿನಲ್ಲಿ ಅರ್ಧ ನಿಂತಿರುತ್ತಾರೆ, ಕಾಲು ಕೆಳಗೆ ಜೋತಿರುತ್ತದೆ. ಸ್ನೇಹಿತರಿಗೆ ಪಕ್ಕದಿಂದ ಒಂದು ವಿಡಿಯೋ ತೆಗೆಯಲು ಹೇಳಿ. ನೋಡಿದ ಮೇಲೆ ನಿಮಗೇ ನಾಚಿಕೆಯಾಗುತ್ತದೆ, ನನಗೆ ಆದ ಹಾಗೆ. ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಭಾರದಲ್ಲಿ ಒಂದೆರಡು ಕಿಲೋ ತೆಗೆದು ಸಿಲಿಂಡರ್ ಪಟ್ಟಿಗೆ ಮೇಲಕ್ಕೆ ಹಾಕಿದರೆ ಕಾಲು ತಾನಾಗಿ ಏಳುತ್ತದೆ.

## ಹಂತ 4: ಸೂಟು ಮತ್ತು ತೂಕದ ಲೆಕ್ಕ

ನಮ್ಮ ಕಡಲಲ್ಲಿ 3 ಮಿಲಿಮೀಟರ್ ವೆಟ್‌ಸೂಟ್ ಸಾಕು. ಇಲ್ಲಿ ಸೆಪ್ಟೆಂಬರಿನಲ್ಲೂ 5 ಮಿಲಿಮೀಟರ್, ಜೊತೆಗೆ ತಲೆಗೆ ತೆಳುವಾದ ಹುಡ್. ಮೇ ಅಥವಾ ಅಕ್ಟೋಬರ್ ಕೊನೆಗಾದರೆ 7. ಉಷ್ಣದೇಶದವರು ನಾವು, ಪಕ್ಕದ ಜರ್ಮನ್ ಪ್ರವಾಸಿ ತೆಳು ಸೂಟಿನಲ್ಲಿ ಇದ್ದಾನೆಂದು ಪೈಪೋಟಿ ಬೇಡ.

ನಾನು ಎಡವಿದ್ದು ಇಲ್ಲೇ. ಅಂಡಮಾನಿನಲ್ಲಿ ಹಾಕುತ್ತಿದ್ದ 4 ಕಿಲೋ ಸೀಸವನ್ನೇ ಕಟ್ಟಿಕೊಂಡು ನೀರಿಗೆ ಬಿದ್ದೆ. ಮುಳುಗಲೇ ಇಲ್ಲ, ಬೆಂಡಿನ ಹಾಗೆ ತೇಲಿದೆ. ಅವಸರದಲ್ಲಿ ಇನ್ನೂ 5 ಕಿಲೋ ಸೇರಿಸಿಕೊಂಡೆ. ಈಗ ಕಲ್ಲಿನ ಹಾಗೆ ಇಳಿದು ಹುಲ್ಲಿನ ಮೇಲೆ ಮಂಡಿಯೂರಿದೆ. ಗೈಡ್ ನನ್ನ ಸಿಲಿಂಡರ್ ಹಿಡಿದು ಮೇಲೆತ್ತಿದ ರೀತಿಯಲ್ಲೇ ಬೈಗುಳ ಇತ್ತು.

ಲೆಕ್ಕ ಹೀಗಿದೆ. ಮೆಡಿಟರೇನಿಯನ್ ನೀರು ಜಾಸ್ತಿ ಉಪ್ಪು. ಒಂದು ಲೀಟರಿಗೆ 37–38 ಗ್ರಾಂ, ಅಂಡಮಾನಿನ ಕಡೆ ಸುಮಾರು 33. ನೀರೇ ಜಾಸ್ತಿ ಎತ್ತಿ ಹಿಡಿಯುವುದರಿಂದ ಅರ್ಧದಿಂದ ಒಂದು ಕಿಲೋ ಸೇರಿಸಬೇಕು. ದಪ್ಪ ಸೂಟು ಜಾಸ್ತಿ ತೇಲುವುದರಿಂದ ಅದಕ್ಕೆ ಇನ್ನೂ ಎರಡು ಮೂರು ಕಿಲೋ. ಆದರೆ ಇಲ್ಲಿ ಸಾಮಾನ್ಯವಾಗಿ ಕೊಡುವುದು 12 ಲೀಟರಿನ ಉಕ್ಕಿನ ಸಿಲಿಂಡರ್. ನಮ್ಮಲ್ಲಿ ಕೊಡುವ ಅಲ್ಯೂಮಿನಿಯಂ ಸಿಲಿಂಡರ್ ಗಾಳಿ ಖಾಲಿಯಾದಂತೆ ತೇಲಲು ಶುರು ಮಾಡುತ್ತದೆ, ಉಕ್ಕು ಹಾಗೆ ಮಾಡುವುದಿಲ್ಲ. ಅದಕ್ಕಾಗಿ ಎರಡು ಕಿಲೋ ಹತ್ತಿರ ಕಳೆಯಿರಿ. ಕೂಡಿ ಕಳೆದರೆ ನಿಮ್ಮ ಊರಿನ ತೂಕಕ್ಕಿಂತ ಒಂದೆರಡು ಕಿಲೋ ಜಾಸ್ತಿ, ಅಷ್ಟೇ.

ಇದು ಅಂದಾಜು. ಖಚಿತ ಮಾಡಿಕೊಳ್ಳುವುದು ನೀರಿನಲ್ಲಿ. ಮೊದಲ ಡೈವಿನ ಕೊನೆಗೆ, ಸಿಲಿಂಡರಿನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಾಗ, 5 ಮೀಟರಿನಲ್ಲಿ ಬಿಸಿಡಿಯ, ಅಂದರೆ ಗಾಳಿ ತುಂಬಿ ತೇಲುವುದನ್ನು ಹೊಂದಿಸುವ ಜಾಕೆಟ್ಟಿನ, ಗಾಳಿ ಪೂರ್ತಿ ಬಿಡಿ. ಅಲ್ಲಾಡದೆ ನಿಂತರೆ ತೂಕ ಸರಿ. ಮುಳುಗಿದರೆ ಮುಂದಿನ ಡೈವಿಗೆ ಒಂದು ಕಿಲೋ ತೆಗೆಯಿರಿ. ಡೈವಿನ ಶುರುವಿನಲ್ಲಿ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಆಗ ಸಿಲಿಂಡರಿನೊಳಗಿನ ಗಾಳಿಯೇ ಎರಡು ಕಿಲೋಗೂ ಹೆಚ್ಚು ತೂಗುತ್ತಿರುತ್ತದೆ.

ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ನಿಮ್ಮದೇ ಒಯ್ಯುವುದಾದರೆ ಒಂದು ಮಾತು. ಯುರೋಪಿನಲ್ಲಿ ತಿರುಪಿ ಕೂರಿಸುವ ಡಿನ್ ವಾಲ್ವ್ ಬಳಕೆ ಜಾಸ್ತಿ, ನಮ್ಮಲ್ಲಿ ಹೆಚ್ಚಾಗಿ ಮೇಲಿನಿಂದ ಹಿಡಿದು ಬಿಗಿಯುವ ಯೋಕ್. ಯಾವುದು ಸಿಗುತ್ತದೆಂದು ಮೊದಲೇ ಕೇಳಿ.

## ಹಂತ 5: ಗಾಳಿಯನ್ನು ಕೇಳಿ, ಆಮೇಲೆ ಜಾಗ ಆರಿಸಿ

ಇಲ್ಲಿ ಡೈವ್ ಎಲ್ಲಿ ಅಂತ ತೀರ್ಮಾನಿಸುವುದು ಗಾಳಿ. ವಾಯವ್ಯದಿಂದ ಬೀಸುವ ಮಿಸ್ಟ್ರಾಲ್ ಗಾಳಿಯನ್ನು ಇಟಲಿಯವರು ಮಾಯೆಸ್ತ್ರಾಲೆ ಅನ್ನುತ್ತಾರೆ. ಎರಡು ದ್ವೀಪಗಳ ಸಂದಿಗೆ ಸಿಕ್ಕಿ ಅದರ ವೇಗ ಇನ್ನೂ ಏರುತ್ತದೆ. ಪೈಪಿನ ಬಾಯಿಗೆ ಬೆರಳು ಅಡ್ಡ ಇಟ್ಟ ಹಾಗೆ. ಆಕಾಶ ನೀಲಿಯಾಗಿ ಹೊಳೆಯುತ್ತಿರುತ್ತದೆ, ಕಡಲು ಮಾತ್ರ ಬಿಳಿ ನೊರೆ.

ಈ ನೀರಿನ ಸಿಟ್ಟಿಗೆ ಲವೆಜ್ಜಿಯಲ್ಲಿ ಗುರುತು ಇದೆ. 1855ರ ಫೆಬ್ರವರಿ 15ರಂದು ಕ್ರಿಮಿಯಾ ಯುದ್ಧಕ್ಕೆ ಸೈನಿಕರನ್ನು ಒಯ್ಯುತ್ತಿದ್ದ ಫ್ರೆಂಚ್ ಹಡಗು ಸೆಮಿಯಾಂತ್ ಬಿರುಗಾಳಿಯಲ್ಲಿ ಈ ಬಂಡೆಗಳಿಗೆ ಬಡಿಯಿತು. ಸುಮಾರು 700 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರ ಸಮಾಧಿಗಳು ಆ ದ್ವೀಪದ ಮೇಲೇ ಇವೆ.

ಹಾಗಾಗಿ "ನಾನು ಬಂದದ್ದೇ ಲವೆಜ್ಜಿಗೆ" ಅಂತ ಹಟ ಹಿಡಿಯಬೇಡಿ. ಮಾಯೆಸ್ತ್ರಾಲೆ ಇದ್ದ ದಿನ ದ್ವೀಪಗಳ ಪೂರ್ವ ಮಗ್ಗುಲು ಮರೆಯಾಗಿರುತ್ತದೆ, ಅಲ್ಲಿ ಇಳಿಯಬಹುದು. ಗೈಡ್ ಬೇಡ ಅಂದರೆ ಬೇಡ. ಆ ದಿನ ಕಾಪೋ ತೆಸ್ತಾಗೆ ನಡೆದು ಹೋಗಿ. ರೋಮನ್ನರು ಕಂಬಗಳಿಗೆ ಗ್ರಾನೈಟ್ ಕಡಿದ ಗಣಿಯ ಗುರುತುಗಳು ಅಲ್ಲಿ ಇನ್ನೂ ಇವೆ. ಪಾನೆ ಕರಸಾವು ಎಂಬ ಗರಿಗರಿ ತೆಳು ರೊಟ್ಟಿ ಕಟ್ಟಿಕೊಂಡು ಹೋಗಿ. ತಿಂದಾಗ ನಮ್ಮ ಕಟಕ ರೊಟ್ಟಿಯ ದಾಯಾದಿ ಅನ್ನಿಸುತ್ತದೆ, ಶೇಂಗಾ ಚಟ್ನಿಯೊಂದು ಇಲ್ಲ.

## ಹಂತ 6: ಇಳಿಯುವುದು

ದೋಣಿ ತೇಲುಬುರುಡೆಗೆ ಕಟ್ಟಿದೆಯೋ, ಮರಳಿನ ಮೇಲೆ ಲಂಗರು ಹಾಕಿದೆಯೋ ನೋಡಿ. ಹುಲ್ಲಿನ ಮೇಲೆ ಲಂಗರು ಹಾಕುವವರ ಜೊತೆ ನಾನು ಎರಡನೇ ಸಲ ಹೋಗುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಇಳಿಯುವುದು ಮರಳಿನ ಬಯಲಿನ ಮೇಲೆ. ಕಾಲು ಮೊದಲಲ್ಲ, ಹೊಟ್ಟೆ ಕೆಳಗೆ ಮಾಡಿ ಮಲಗಿಕೊಂಡು. ನೆಲಕ್ಕೆ ಎರಡು ಮೀಟರ್ ಇರುವಾಗಲೇ ಬಿಸಿಡಿಗೆ ಸ್ವಲ್ಪ ಗಾಳಿ ತುಂಬಿ ನಿಲ್ಲಿ. ಮರಳನ್ನೂ ಮುಟ್ಟಬೇಡಿ. ಕಣ್ಣು ಮಾತ್ರ ಹೊರಗಿಟ್ಟು ಹೂತು ಮಲಗುವ ವೀವರ್ ಮೀನಿನ ಬೆನ್ನ ಮುಳ್ಳು ವಿಷದ್ದು. ಚುಚ್ಚಿದರೆ ತಣ್ಣೀರಲ್ಲ, ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಅದ್ದಿಡಬೇಕು. ಆ ವಿಷ ಬಿಸಿಗೆ ಕೆಡುತ್ತದೆ.

ಇನ್ನೊಂದು ಎಚ್ಚರಿಕೆ. ನೀರು ತುಂಬ ತಿಳಿ, ಎಷ್ಟೋ ದಿನ 20 ಮೀಟರಿಗೂ ಆಚೆ ಕಾಣುತ್ತದೆ. ತಿಳಿ ನೀರು ಆಳವನ್ನು ಮುಚ್ಚಿಡುತ್ತದೆ. "ಅಗೋ ಅಲ್ಲೇ ಇದೆ" ಅಂದುಕೊಂಡ ಬಂಡೆ 24 ಮೀಟರಿನಲ್ಲಿರುತ್ತದೆ. ನೇತ್ರಾಣಿಯ ಮಸುಕು ನೀರಿನಲ್ಲಿ ಕಲಿತ ನಮ್ಮ ಅಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡೈವ್ ಕಂಪ್ಯೂಟರ್ ನೋಡುತ್ತಿರಿ. ಓಪನ್ ವಾಟರ್ ಕಾರ್ಡಿನವರ ಮಿತಿ 18 ಮೀಟರ್.

## ಹಂತ 7: ಮೊದಲು ಬಂಡೆ, ಆಮೇಲೆ ಅಂಚು

ಡೈವಿನ ಆಳದ ಭಾಗವನ್ನು ಮೊದಲು ಮುಗಿಸಿ. ಬಂಡೆಗಳ ಬುಡ ಹಿಡಿದು 15–16 ಮೀಟರ್‌ವರೆಗೆ ಹೋಗಿ. ಸುಣ್ಣದಕಲ್ಲಿನ ಹಾಗೆ ಗ್ರಾನೈಟ್ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಇಲ್ಲಿ ಉದ್ದುದ್ದ ಗುಹೆಗಳಿಲ್ಲ. ಗುಂಡುಗಳ ನಡುವಿನ ಸಂದಿ, ಕಮಾನು, ಮೇಲಿನಿಂದ ಬೆಳಕು ಬೀಳುವ ಕಿರು ದಾರಿಗಳಿವೆ. ಆಚೆ ಬದಿಯ ಬೆಳಕು ಕಾಣದ ಸಂದಿಗೆ ನುಗ್ಗಬೇಡಿ. ಕಲ್ಲಿನ ಹರಳುಗಳು ಉಪ್ಪುಕಾಗದದಂತೆ ಒರಟು. ಸೂಟೂ ಹರಿಯುತ್ತದೆ, ಬೆರಳೂ.

ಹಗಲಾದರೂ ಟಾರ್ಚ್ ಒಯ್ಯಿರಿ. ನೀರು ಮೊದಲು ನುಂಗುವ ಬಣ್ಣವೇ ಕೆಂಪು. ಬರಿಗಣ್ಣಿಗೆ ಬೂದಿಯಾಗಿ ಕಂಡ ಬಂಡೆಯ ಅಡಿಗೆ ಬೆಳಕು ಬಿಟ್ಟರೆ ಕಿತ್ತಳೆ, ಕುಂಕುಮ ಬಣ್ಣದ ಸ್ಪಂಜುಗಳು ಎದ್ದು ಬರುತ್ತವೆ. ಬಿರುಕಿನಲ್ಲಿ ಮೋರೆ ಈಲ್ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಅದು ಸಿಟ್ಟಲ್ಲ, ಉಸಿರಾಟ. ಚಿಪ್ಪುಗಳ ಪುಟ್ಟ ರಾಶಿ ಕಂಡರೆ ಅದು ಆಕ್ಟೋಪಸ್ ಮನೆಯ ಹಿತ್ತಲು. ಅಲ್ಲೇ ಒಂದು ನಿಮಿಷ ಕಾಯಿರಿ, ಕಣ್ಣೊಂದು ಮೇಲೇಳುತ್ತದೆ.

ಗ್ರೂಪರ್ ಇಲ್ಲಿಯ ಯಜಮಾನ. ಮಂಗಳೂರು ಕಡೆ ಇದರ ಬಳಗವನ್ನು ಮುರು ಅನ್ನುತ್ತಾರೆ, ಫ್ರೆಂಚಿನಲ್ಲಿ ಮೇರೂ. ಕಾಕತಾಳೀಯವೇ ಇರಬೇಕು, ಆದರೂ ಕೇಳಿ ಖುಷಿಯಾಯಿತು. ಲವೆಜ್ಜಿ ಹತ್ತಿರದ ಪ್ರಸಿದ್ಧ ತಾಣದ ಹೆಸರೇ ಮೆರುವಿಲ್, ಅಂದರೆ ಮುರು ಪಟ್ಟಣ. ಈ ಮೀನು ಹುಟ್ಟುವಾಗ ಹೆಣ್ಣು, ದೊಡ್ಡದಾದ ಮೇಲೆ ಗಂಡಾಗುತ್ತದೆ. ದೊಡ್ಡದನ್ನೇ ಹುಡುಕಿ ಹೊಡೆದರೆ ಗಂಡುಗಳೇ ಇಲ್ಲವಾಗುತ್ತವೆ. ಬೇಟೆ ನಿಂತ ಕಡೆ ಅವು ಮತ್ತೆ ಹೆಚ್ಚಿ, ಹೆದರಿಕೆ ಬಿಟ್ಟು ಹತ್ತಿರ ಬರುತ್ತಿವೆ. ಬೆನ್ನಟ್ಟಬೇಡಿ. ನೀವು ಸುಮ್ಮನಿದ್ದರೆ ಅದೇ ಬಂದು ನಿಮ್ಮನ್ನು ನೋಡಿ ಹೋಗುತ್ತದೆ.

ಹದಿನೈದು ನಿಮಿಷವಾದ ಮೇಲೆ ಮೇಲಕ್ಕೆ ಬನ್ನಿ. 8–10 ಮೀಟರಿನಲ್ಲಿ ಬಂಡೆಯ ಬುಡಕ್ಕೆ ಹಸಿರು ತಾಗುವ ಗೆರೆ ಸಿಗುತ್ತದೆ. ಬಂಡೆ ಎಡಕ್ಕೆ, ಹುಲ್ಲು ಬಲಕ್ಕೆ ಇಟ್ಟುಕೊಂಡು ನಿಧಾನ ಹಿಂತಿರುಗಿ.

## ಹಂತ 8: ಹುಲ್ಲಿನ ಮೇಲೆ ಹೇಗಿರಬೇಕು

ಇದು ಪಾಚಿಯಲ್ಲ. ಪೊಸಿಡೋನಿಯಾ ಎಂಬ ಹೂ ಬಿಡುವ ಗಿಡ. ಬೇರು, ಕಾಂಡ, ಎಲೆ ಎಲ್ಲ ಇದೆ. ಶರತ್ಕಾಲದಲ್ಲಿ ಹೂ ಬಿಟ್ಟು, ಆಲಿವ್‌ನಂಥ ಕಾಯಿ ಕಟ್ಟುತ್ತದೆ. ಈ ಜಾತಿ ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಇಲ್ಲ. ನೀರು ತಿಳಿಯಿದ್ದರೆ 40 ಮೀಟರ್ ಆಳದವರೆಗೂ ಬೆಳೆಯುತ್ತದೆ. ಎಲೆ ಒಂದು ಮೀಟರ್ ಉದ್ದ ಆಗಬಹುದು. ಗಾಳಿಗೆ ಭತ್ತದ ಗದ್ದೆ ತೂಗುವ ಹಾಗೆ ಅಲೆಗೆ ತೂಗುತ್ತದೆ.

ಎಲೆಯ ಕೆಳಗೆ ಕಾಂಡ, ಬೇರು, ಮರಳು ಹೆಣೆದುಕೊಂಡ ದಪ್ಪ ಚಾಪೆ ಇರುತ್ತದೆ. ಆ ಚಾಪೆ ಒಂದು ಮೀಟರ್ ದಪ್ಪವಾಗಲು ನೂರಾರು ವರ್ಷ ಬೇಕು. ಒಂದು ಲಂಗರು ಬಿದ್ದು, ಸರಪಳಿ ಗಾಳಿಗೆ ಸುತ್ತಿ ಎಳೆದರೆ ಅಷ್ಟನ್ನೂ ಒಂದು ರಾತ್ರಿಯಲ್ಲಿ ಉಳುತ್ತದೆ. ಯುರೋಪಿನಲ್ಲಿ 1992ರ ಕಾನೂನಿನಿಂದಲೇ ಇದಕ್ಕೆ ವಿಶೇಷ ರಕ್ಷಣೆ ಇದೆ. ಲಂಗರಿನ ಬಗ್ಗೆ ನಾನು ಸಿಡುಕುವುದು ಇದಕ್ಕೇ.

ನಿಮ್ಮ ಕೆಲಸ ಸರಳ. ಹೊಟ್ಟೆ ಎಲೆಯ ತುದಿಗಿಂತ ಒಂದು ಮೀಟರ್ ಮೇಲಿರಲಿ. ಜೋತಾಡುವ ಗೇಜು, ಕ್ಯಾಮೆರಾ ಎಲ್ಲ ಕ್ಲಿಪ್ ಮಾಡಿ. ಹತ್ತಿರ ನೋಡಬೇಕಾದರೆ ಉಸಿರು ಬಿಟ್ಟು ಇಳಿಯಿರಿ, ಉಸಿರು ಎಳೆದು ಏರಿ. ಅಲೆ ತಳ್ಳಿದರೆ ಎದುರು ಈಜಬೇಡಿ. ತಳ್ಳಿದಾಗ ಹೋಗಿ, ಎಳೆದಾಗ ಬನ್ನಿ, ಹುಲ್ಲು ಹೇಗೆ ಮಾಡುತ್ತದೋ ಹಾಗೆ.

ಚಿನ್ನದ ಗೆರೆಯ ಸಾಲೆಮಾ ಮೀನುಗಳು ಹಿಂಡಾಗಿ ಎಲೆ ಮೇಯುತ್ತವೆ. ಥೇಟ್ ಕುರಿಮಂದೆ. ಬಿಸಿಲಿನ ಮಧ್ಯಾಹ್ನ ಎಲೆಗಳ ಮೇಲೆ ಆಮ್ಲಜನಕದ ಸಣ್ಣ ಗುಳ್ಳೆಗಳು ಮಣಿಯ ಹಾಗೆ ಕೂತಿರುತ್ತವೆ. ಅಂಚಿನಲ್ಲಿ ಕಾಂಡದ ಅಡಿಗೆ ಟಾರ್ಚ್ ಬಿಡಿ. ಕೆಂಪು ಚುಕ್ಕಿಗಳು ಕಾಣಬಹುದು. ಮಿನಿಯಾಚಿನಾ ಎಂಬ ಸೂಕ್ಷ್ಮಜೀವಿಯ ಚಿಪ್ಪು ಅದು. ಲಾ ಮದ್ದಲೇನಾದ ಬುದೆಲ್ಲಿ ದ್ವೀಪದ ಗುಲಾಬಿ ಮರಳಿಗೆ ಬಣ್ಣ ಬಂದದ್ದು ಇದರ ಪುಡಿಯಿಂದ. ಜನ ಮರಳು ಒಯ್ದು ಒಯ್ದು ಆ ದಡವನ್ನು ಮುಚ್ಚಬೇಕಾಯಿತು.

ಹುಲ್ಲಿನ ನಡುವೆ ನೆಟ್ಟಗೆ ನಿಂತ, ಮೊಳದುದ್ದದ ಖಾಲಿ ಚಿಪ್ಪು ಕಂಡರೆ ಅದು ಪಿನ್ನಾ ನೋಬಿಲಿಸ್. 2016ರಿಂದ ಹಬ್ಬಿದ ಒಂದು ಪರಾವಲಂಬಿಯ ರೋಗ ಇವನ್ನು ಸಾಮೂಹಿಕವಾಗಿ ಕೊಂದಿತು. ಜೀವಂತ ಇರುವುದು ಸಿಕ್ಕರೆ ಮುಟ್ಟದೆ ಗೈಡ್‌ಗೆ ತೋರಿಸಿ. ಅವರ ಮುಖ ಅರಳುವುದು ಮಾಸ್ಕಿನೊಳಗೂ ಕಾಣುತ್ತದೆ.

## ಹಂತ 9: ಗಾಳಿಯ ಲೆಕ್ಕ, ಮೇಲೆ ಬರುವುದು

ನೀವು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತೀರಿ ಅಂದುಕೊಳ್ಳಿ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಇದ್ದು 50 ಮೀಸಲು ಇಟ್ಟರೆ ಬಳಕೆಗೆ 1,800 ಲೀಟರ್. 18 ಮೀಟರಿನಲ್ಲಿ ಒತ್ತಡ 2.8 ಪಟ್ಟು, ನಿಮಿಷಕ್ಕೆ 56 ಲೀಟರ್ ಖರ್ಚು. ಅಂದರೆ 32 ನಿಮಿಷ. 10 ಮೀಟರಿನಲ್ಲಿ 40 ಲೀಟರ್, ಅಂದರೆ 45 ನಿಮಿಷ. ಅಂಚಿನ ಪರವಾಗಿ ಇನ್ನೇನು ವಾದ ಬೇಕು?

100 ಬಾರ್ ಆದಾಗ ಜೊತೆಗಾರರಿಗೆ ತಿಳಿಸಿ, 70ಕ್ಕೆ ದೋಣಿಯ ಕಡೆ ತಿರುಗಿರಿ. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ. ಕಪ್ಪು ಕ್ರೋಮಿಸ್ ಮೀನುಗಳ ಮೋಡ ಅಲ್ಲೇ ಇರುವುದರಿಂದ ಬೇಸರವಾಗುವುದಿಲ್ಲ. ದೋಣಿಯಿಂದ ದೂರವಾಗಿದ್ದರೆ ಕೆಳಗಿನಿಂದಲೇ ಗುರುತಿನ ಬಲೂನು ಬಿಡಿ. ತಲೆಯ ಮೇಲೆ ಮೋಟಾರ್ ದೋಣಿಗಳು ಓಡಾಡುವ ಜಾಗ ಇದು. ಬಲೂನು ಬಿಡಲು ಬಾರದವರು ಈ ಪ್ರವಾಸಕ್ಕೆ ಮೊದಲು ಕಲಿಯಲೇಬೇಕು. ತುರ್ತಿಗೆ ಯುರೋಪಿನಾದ್ಯಂತ 112, ಇಟಲಿಯ ಕೋಸ್ಟ್ ಗಾರ್ಡ್‌ಗೆ 1530.

## ಹಂತ 10: ದಡಕ್ಕೆ ಬಂದ ಮೇಲೆ

ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಿ. ನಾನು ಪೂರ್ತಿ ಒಂದು ದಿನ ಇಡುತ್ತೇನೆ.

ದಡದಲ್ಲಿ ಕಂದು ಎಲೆಗಳ ರಾಶಿ, ತೆಂಗಿನ ನಾರಿನ ಉಂಡೆಯಂಥ ಗೋಲಿಗಳು ಬಿದ್ದಿರುತ್ತವೆ. ಹೋಟೆಲಿನವರು ಕಸ ಗುಡಿಸಿಲ್ಲ ಅಂತ ದೂರಬೇಡಿ. ಪೊಸಿಡೋನಿಯಾ ಉದುರಿಸಿದ ಎಲೆ ಅದು, ಅಲೆಯಿಂದ ಮರಳು ಕೊಚ್ಚಿ ಹೋಗದಂತೆ ತಡೆಯುತ್ತದೆ. ಉಂಡೆ ಅದರ ನಾರನ್ನು ಅಲೆ ಉರುಳಿಸಿ ಮಾಡಿದ್ದು. ನೋಡಿ, ಅಲ್ಲೇ ಬಿಡಿ. ಸಾರ್ಡೀನಿಯಾದಲ್ಲಿ ದಡದ ಮರಳು, ಕಲ್ಲು, ಚಿಪ್ಪು ಒಯ್ದರೆ 500ರಿಂದ 3,000 ಯೂರೋ ದಂಡ ಇದೆ. ಒಲ್ಬಿಯಾಗೆ ಹೊರಡುವ ಮೊದಲು ಡೈವಿಂಗ್ ಬೂಟನ್ನು ತಲೆಕೆಳಗು ಮಾಡಿ ಚೆನ್ನಾಗಿ ಕೊಡವಿ.